ಚಪ್ಪಲಿ ನೋಡಿ ರಾಕೆಟ್ ಮಾರುವವನು

ನಾನು ರಾಕೆಟ್ ಮಾರುತ್ತೇನೆ. ಹೀಗೆಂದ ಕೂಡಲೇ ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಸರಿದು ಗೌರವದಿಂದ ನೋಡಲಿ ಎಂಬ ಆಸೆಗೆ, ಹೊಸಬರ ಮುಂದೆಲ್ಲ ಹೀಗೇ ಶುರು ಮಾಡುವುದು ನನ್ನ ಚಾಳಿ. ಆಮೇಲೆ ಅವರು "ಎಲ್ಲಿ, ಯಾವ ಕಂಪನಿ?" ಎಂದು ಕೇಳಿದಾಗ ನಿಜ ಬಾಯಿಬಿಡಲೇಬೇಕಾಗುತ್ತದೆ. ದೊಡ್ಡ ಅಂಗಡಿಯೊಂದರ ಮಹಡಿಯ ಮೇಲೆ, ಗೊಂಬೆಗಳ ಕೌಂಟರಿಗೂ ಶೌಚಾಲಯದ ಬಾಗಿಲಿಗೂ ನಡುವೆ, ಪ್ಲಾಸ್ಟಿಕ್ ಬ್ಲಾಕ್ಸ್ ಜೋಡಿಸಿ ಕಟ್ಟುವ ಆಟಿಕೆಗಳ ಗೋಡೆಯೊಂದಿದೆ. ಅದರಲ್ಲಿ ಬಾಹ್ಯಾಕಾಶದ ಪಾಲು ನನ್ನದು. ಅಂತರಿಕ್ಷ ನೌಕೆ, ರೋಬೋಟ್, ಚಂದ್ರನ ಮೇಲೆ ಓಡಾಡುವ ಗಾಡಿ, ಮೂರು ಕಣ್ಣಿನ ಅನ್ಯಲೋಕದವರು, ಮುಂದೆಂದೋ ಮಂಗಳನ ಮೇಲೆ ಏಳಲಿರುವ ಮನೆಗಳು, ಎಲ್ಲವೂ ಚೂರು ಚೂರಾಗಿ ಪೆಟ್ಟಿಗೆಗಳಲ್ಲಿ ಕೂತಿರುತ್ತವೆ. ಮಕ್ಕಳು ನನ್ನನ್ನು ರಾಕೆಟ್ ಅಂಕಲ್ ಅನ್ನುತ್ತವೆ. ಮಕ್ಕಳೇನು, ಸಂಬಳ ಕೊಡುವ ಯಜಮಾನರೂ ಹಾಗೇ ಕರೆಯುತ್ತಾರೆ.

ಇಂಥ ರಾಕೆಟ್ ಅಂಕಲ್‌ಗೆ ಮೇಲಿನ ಸಾಲಿನ ಪೆಟ್ಟಿಗೆ ಇಳಿಸಲು ಸ್ಟೂಲು ಹತ್ತಿದರೆ ತಲೆ ಸುತ್ತುತ್ತದೆ. ಗೊಂಬೆ ಕೌಂಟರಿನ ಹುಡುಗಿ ಓಡಿಬಂದು ಸ್ಟೂಲು ಹಿಡಿದುಕೊಳ್ಳಬೇಕು. "ಅಂಕಲ್, ಅಲ್ಲಿಂದ ಭೂಮಿ ಕಾಣ್ತಾ ಇದೆಯಾ?" ಎಂದು ಕೆಳಗಿನಿಂದ ಕೂಗಿ ಕೇಳುತ್ತಾಳೆ. ಇನ್ನು ಕಟ್ಟುವ ವಿದ್ಯೆಯ ಮಾತು ಎತ್ತದಿರುವುದೇ ವಾಸಿ. ಗಾಜಿನ ಕಪಾಟಿನಲ್ಲಿ ಮಾದರಿಗೆಂದು ಇಟ್ಟಿರುವುದನ್ನೆಲ್ಲ ಕಂಪನಿಯವರೇ ಬಂದು ಜೋಡಿಸಿ ಹೋಗುತ್ತಾರೆ. ಒಂದು ಸಲ, ನಾನೇನು ಕಮ್ಮಿ ಎಂದುಕೊಂಡು, ಇದ್ದುದರಲ್ಲೇ ಸಣ್ಣ ರೋಬೋಟೊಂದನ್ನು ನಾನೇ ಜೋಡಿಸಿದೆ. ಅದರ ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಿಕೊಂಡಿತು. ಯಜಮಾನರು ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಇರ್ಲಿ ಬಿಡಿ, ಡ್ಯಾನ್ಸ್ ಮಾಡೋ ರೋಬೋಟ್ ಅಂತ ಚೀಟಿ ಹಚ್ಚಿ" ಅಂದರು. ಅದೇ ಬೇಕು ಎಂದು ಹಟ ಹಿಡಿದು ಬಂದ ಮಗುವೊಂದನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಬೆವರಿಳಿಯಿತು.

ಹಾಗಾದರೆ ನನ್ನನ್ನು ಯಾಕೆ ಇಟ್ಟುಕೊಂಡಿದ್ದಾರೆ? ಯಾಕೆಂದರೆ ನನಗೆ ಚಪ್ಪಲಿ ಓದಲು ಬರುತ್ತದೆ. ಇಲ್ಲಿಗೆ ಬರುವ ಮುಂಚೆ ಅರ್ಧ ಆಯುಷ್ಯ ಚಪ್ಪಲಿ ಅಂಗಡಿಯಲ್ಲಿ ಕಳೆದೆ. ಜನರ ಮುಂದೆ ಮೊಣಕಾಲೂರಿ ಕೂತು, ಪಾದ ಹಿಡಿದು, ಬೂಟು ತೊಡಿಸಿ, ಬಿಚ್ಚಿ, ಮತ್ತೆ ತೊಡಿಸಿ ಬದುಕಿದವನು. ಮುಖ ಸುಳ್ಳು ಹೇಳುತ್ತದೆ, ಅಂಗಿ ಇನ್ನೂ ದೊಡ್ಡ ಸುಳ್ಳು ಹೇಳುತ್ತದೆ, ಚಪ್ಪಲಿ ಮಾತ್ರ ಹೇಳುವುದಿಲ್ಲ ಎಂಬುದು ಅಲ್ಲಿ ಕಲಿತ ಪಾಠ. ಆ ಅಂಗಡಿ ಮುಚ್ಚಿದ ಮೇಲೆ ಈ ಆಟಿಕೆ ಅಂಗಡಿಗೆ ಬಂದೆ. ಬಂದವರ ಮುಖ ನೋಡುವ ಮುಂಚೆ ಕಾಲು ನೋಡುವ ಅಭ್ಯಾಸ ಜೊತೆಗೇ ಬಂತು. ಗಿರಾಕಿ ಮೆಟ್ಟಿಲು ಹತ್ತಿ ನನ್ನ ಗೋಡೆಯ ಹತ್ತಿರ ಬರುವುದರೊಳಗೆ, ಅವರ ಜೇಬಿಗೆ ಯಾವ ಸಾಲು ಹೊಂದುತ್ತದೆ ಎಂದು ನನಗೆ ಗೊತ್ತಾಗಿರುತ್ತದೆ. ಬೆಲೆ ಕೇಳಿ ಅವರ ಮುಖ ಸಪ್ಪಗಾಗುವ ಮೊದಲೇ ಸರಿಯಾದ ಪೆಟ್ಟಿಗೆ ಕೈಗಿಟ್ಟುಬಿಡುತ್ತೇನೆ. ಮಕ್ಕಳ ಎದುರು ಯಾವ ಅಪ್ಪ ಅಮ್ಮನೂ ನನ್ನ ಕೌಂಟರಿನಲ್ಲಿ ತಲೆ ತಗ್ಗಿಸಿಲ್ಲ. ಇದನ್ನು ಧರ್ಮದ ಕೆಲಸ ಎಂದು ನಾನೇ ತೀರ್ಮಾನಿಸಿ, ಆಗಾಗ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ನನ್ನ ಉಪದೇಶವೂ ಬಾಯಿಪಾಠ. ಕೆಳಗಿನ ಸಾಲಿನವು ಅಗ್ಗ: ಅಂಗೈಯಗಲದ ರೋಬೋಟ್, ಒಬ್ಬನೇ ಕೂರುವ ಹಾರುವ ಸ್ಕೂಟರ್. ಊಟಕ್ಕೆ ಕರೆಯುವುದರೊಳಗೆ ಕಟ್ಟಿ ಮುಗಿಯುತ್ತವೆ. ನಡುವಿನ ಸಾಲಿಗೆ ಬಂದರೆ, ಅದೇ ಬ್ಲಾಕ್ಸಿನಲ್ಲಿ ಒಮ್ಮೆ ನೌಕೆ, ಒಮ್ಮೆ ರೋಬೋಟ್, ಒಮ್ಮೆ ಅನ್ಯಲೋಕದ ಪ್ರಾಣಿ ಮಾಡಬಹುದಾದ ಪೆಟ್ಟಿಗೆ ತೆಗೆದುಕೊಳ್ಳಿ. ಒಂದೇ ದುಡ್ಡಿಗೆ ಮೂರು ಸಲ ಮಗು ಸುಮ್ಮನೆ ಕೂರುತ್ತದೆ. ಚೂರುಗಳು ಎಷ್ಟಿವೆ ಎಂದು ಎಣಿಸಿ ಮೋಸ ಹೋಗಬೇಡಿ, ಸಾಸಿವೆಯಂಥವನ್ನು ತುಂಬಿ ಲೆಕ್ಕ ಹೆಚ್ಚಿಸಿರುತ್ತಾರೆ. ಕಟ್ಟಿದ ಮೇಲೆ ಚಕ್ರ ತಿರುಗುತ್ತದೆಯಾ, ಬಾಗಿಲು ತೆರೆಯುತ್ತದೆಯಾ ನೋಡಿ. ಮೇಲಿನ ಸಾಲಿನಲ್ಲಿ ದೀಪ ಹೊತ್ತಿಕೊಳ್ಳುವ ತಾಯಿನೌಕೆ, ಬಾಹ್ಯಾಕಾಶ ನಿಲ್ದಾಣ. ಅದನ್ನು ಕಟ್ಟಲು ಒಂದು ಮೇಜು ಬೇಕು, ಅದಕ್ಕಿಂತ ಹೆಚ್ಚು ತಾಳ್ಮೆ ಬೇಕು. ಕೊನೆಗೆ, ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂಬ ಗಾದೆಯನ್ನು ಪುಕ್ಕಟೆ ಸೇರಿಸುತ್ತೇನೆ.

ಊರಿಗೆಲ್ಲ ಇಷ್ಟು ಬುದ್ಧಿ ಹೇಳುವವನು ಮನೆಯಲ್ಲಿ ಏನು ಮಾಡಿದ ಎಂದು ಈಗ ಹೇಳಬೇಕು. ಅಲ್ಲೇ ಇರುವುದು ನನ್ನ ಪೌರುಷ.

ನನ್ನ ಹೆಂಡತಿ ದರ್ಜಿ. ಕೋಟು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೇರೆ ಕಡೆ ಹೊಲಿಸಿ ಕೆಡಿಸಿಕೊಂಡು ಬಂದವರಿಗೆ ಮೊದಲು ಚೆನ್ನಾಗಿ ಬೈದು, ಆಮೇಲೆ ಅಳತೆ ತೆಗೆದುಕೊಳ್ಳುವಳು. ಬೈಸಿಕೊಂಡವರೇ ಮತ್ತೆ ಬಟ್ಟೆ ಹಿಡಿದು ಬರುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಿದ್ದವಳ ಕೈಯಿಂದ ಕತ್ತರಿ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದವಳಿಗೆ ಎತ್ತಲಾಗಲಿಲ್ಲ. ನನ್ನನ್ನು ಕರೆಯಲು ಬಾಯಿ ತೆರೆದರೆ ಮಾತು ತೊದಲಿತು. ಸಣ್ಣ ಸ್ಟ್ರೋಕ್, ಸಮಯಕ್ಕೆ ಕರೆತಂದಿರಿ ಎಂದರು ಡಾಕ್ಟರು. ಮಾತು ಬೇಗನೆ ಮರಳಿತು, ಬಡ್ಡಿ ಸಮೇತ ಮರಳಿತು. ಕಾಲು ಸ್ವಲ್ಪ ಎಳೆದರೂ ನಡೆಯುವಂತಾದಳು. ಬಲಗೈ ಮಾತ್ರ ಬರಲಿಲ್ಲ. ಬೆರಳು ಮಡಚಿದರೆ ಮಡಚುತ್ತಿತ್ತು, ಹಿಡಿದದ್ದು ನಿಲ್ಲುತ್ತಿರಲಿಲ್ಲ. ಆ ಕೈ ಬಂದರೆ ಅವಳು ಮತ್ತೆ ದರ್ಜಿ, ಬಾರದಿದ್ದರೆ ಕಿಟಕಿ ಪಕ್ಕ ಕೂತು ನನ್ನನ್ನು ಬೈಯುವುದಷ್ಟೇ ಉಳಿದ ಕೆಲಸ. ಅದನ್ನು ಅವಳೇ ಹೀಗೆ ಹೇಳಿದ್ದಳು, ನಗುತ್ತಾ. ನನಗೆ ನಗು ಬಂದಿರಲಿಲ್ಲ.

ವ್ಯಾಯಾಮ ಮಾಡಿಸುವ ಡಾಕ್ಟರಮ್ಮ, "ಬೆರಳಿಗೆ ಕೆಲಸ ಕೊಡಿ. ಸಣ್ಣ ಸಣ್ಣ ವಸ್ತು ಹಿಡಿದು ಒತ್ತೋದು, ಕೀಳೋದು. ಮಕ್ಕಳ ಬ್ಲಾಕ್ಸ್ ಇರತ್ತಲ್ಲ, ಅದು ಬಹಳ ಒಳ್ಳೇದು. ವಾರದಿಂದ ವಾರಕ್ಕೆ ಸ್ವಲ್ಪ ಕಷ್ಟದ್ದು ಕೊಡ್ತಾ ಹೋಗಿ" ಅಂದರು. ನನ್ನ ಎದೆ ಉಬ್ಬಿತು. ಬ್ಲಾಕ್ಸ್! ಇಡೀ ಬೀದಿಯಲ್ಲಿ ಈ ವಿಷಯಕ್ಕೆ ನನಗಿಂತ ದೊಡ್ಡ ಪಂಡಿತ ಯಾರು? ಅದೇ ಸಂಜೆ ಕೆಳಗಿನ ಸಾಲಿನಿಂದ ಒಂದು ರೋಬೋಟ್ ತಂದೆ.

ಅವಳು ಜೋಡಿಸಲು ಕೂತಳು. ಒಂದು ಚೂರು ಎತ್ತುವುದು, ಬೀಳುವುದು. ಮತ್ತೆ ಎತ್ತುವುದು, ಮತ್ತೆ ಬೀಳುವುದು. ನೋಡಲು ನನ್ನಿಂದ ಆಗಲಿಲ್ಲ. "ಕೊಡು ಇಲ್ಲಿ" ಎಂದು ಕಿತ್ತುಕೊಂಡು ನಾನೇ ಸಿಕ್ಕಿಸಿದೆ. ಹಿಂದುಮುಂದಾಗಿ ಸಿಕ್ಕಿಸಿದೆ ಎಂಬುದು ಬೇರೆ ಮಾತು. ಮುಂದಿನ ವಾರ ಇನ್ನೊಂದು ರೋಬೋಟ್ ತಂದೆ. ಅದರ ಮುಂದಿನ ವಾರ ಬಣ್ಣ ಬೇರೆಯಾದ ಅದೇ ರೋಬೋಟ್. ಸ್ವಲ್ಪ ಕಷ್ಟದ್ದು ಕೊಡಿ ಎಂದು ಡಾಕ್ಟರಮ್ಮ ಹೇಳಿದ್ದನ್ನು ನನ್ನ ಕಿವಿ ಕೇಳಿಸಿಕೊಂಡಿತ್ತು, ಕೈ ಮಾತ್ರ ಕೆಳಗಿನ ಸಾಲು ಬಿಟ್ಟು ಏಳಲೊಲ್ಲದು.

"ಮತ್ತೆ ರೋಬೋಟಾ? ಮನೇಲಿ ಒಂದು ಇರೋದು ಸಾಲ್ದಾ?" ಅಂದಳು ಹೆಂಡತಿ.

"ನಿಧಾನಕ್ಕೆ ಕಣೇ. ಅವಸರ ಯಾಕೆ?"

"ನಿಧಾನಕ್ಕೆ ಅಂದ್ರೆ ಮುಂದಕ್ಕೆ ಹೋಗೋದು ರೀ. ನೀವು ನಿಂತಲ್ಲೇ ನಿಲ್ಲಿಸಿದೀರಾ."

ನಾನು ಚಹಾ ಕುಡಿಯುವ ನೆಪದಲ್ಲಿ ಎದ್ದುಹೋದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕೆಳಗಿನ ಮನೆಯ ಹೆಂಗಸು ಹೊಲಿಗೆ ಕಲಿಯುತ್ತಿದ್ದಳು. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ, "ಅಕ್ಕನ ಮಿಷನ್ ಸುಮ್ನೆ ಇದೆಯಲ್ಲಾ, ಕೊಡೋ ಹಾಗಿದ್ರೆ ಹೇಳಿ" ಅಂದಳು. ಬಾಯಿ ಮುಚ್ಚಿಕೊಂಡಿರುವ ಗುಣ ನನ್ನ ವಂಶದಲ್ಲೇ ಇಲ್ಲ. "ಹೂಂ, ಇನ್ನೇನು ಅವಳ ಕೈಲಿ ಆಗೋ ಹಾಗೆ ಕಾಣಲ್ಲ, ಬಂದು ನೋಡಿ" ಎಂದುಬಿಟ್ಟೆ. ದೂಳು ಹಿಡಿಯುತ್ತಿರುವ ಆ ಮಿಷನ್ ಕಂಡಾಗೆಲ್ಲ ಅವಳು ಕೊರಗುತ್ತಾಳೆ, ಕಣ್ಮುಂದೆ ಇಲ್ಲದಿದ್ದರೆ ಮರೆಯುತ್ತಾಳೆ ಎಂಬುದು ನನ್ನ ಮಹಾ ಆಲೋಚನೆ. ಹೆಂಗಸು ಪಾಪ, ಒಂದು ಸಂಜೆ ಟೇಪು ಹಿಡಿದುಕೊಂಡೇ ಬಂದಳು, ಮಿಷನ್ ಅವಳ ಮನೆಯ ಬಾಗಿಲಲ್ಲಿ ಹಿಡಿಸುತ್ತದಾ ಎಂದು ಅಳೆಯಲು. ಹೆಂಡತಿ ಅವಳನ್ನು ಕೂರಿಸಿ, ಚಹಾ ಕೊಟ್ಟು, "ಮಿಷನ್ ಕೊಡೋದಿಲ್ಲಮ್ಮ, ಇವ್ರಿಗೆ ಏನೋ ತಪ್ಪು ತಿಳುವಳಿಕೆ" ಎಂದು ನಯವಾಗಿ ಹೇಳಿ ಕಳಿಸಿದಳು. ಆಮೇಲೆ ನನ್ನ ಮೇಲೆ ಹಾರಾಡುತ್ತಾಳೆ ಎಂದು ಕಾದೆ. ಒಂದು ಮಾತೂ ಆಡಲಿಲ್ಲ. ಬಡಿಸಿ ತಾನೂ ಉಂಡು ಮಲಗಿದಳು. ನನಗೆ ನಿಜವಾಗಿ ಭಯವಾದದ್ದು ಆಗ.

ಮರುದಿನ ಅಂಗಡಿಯಲ್ಲಿ ಜನ ಕಡಿಮೆ. ನಾನು ಕೆಳಗಿನ ಸಾಲಿನ ಪೆಟ್ಟಿಗೆಗಳನ್ನೆಲ್ಲ ಎಳೆದು, ತಲೆಯನ್ನು ಕಪಾಟಿನೊಳಗೆ ತೂರಿಸಿಕೊಂಡು ದೂಳು ಒರೆಸುತ್ತಿದ್ದೆ. ಗೊಂಬೆ ಕೌಂಟರಿನ ಹತ್ತಿರ ಯಾವುದೋ ಪೊಲೀಸ್ ಜೀಪು ಕುಂಯ್ಯೋ ಅನ್ನುತ್ತಿತ್ತು. ನನ್ನ ಪಕ್ಕದಲ್ಲಿ ಎರಡು ಪಾದ ಬಂದು ನಿಂತವು. ತಲೆ ಎತ್ತುವ ಅಗತ್ಯವೇನು? ಓದಿದೆ. ಬೂದು ಬಣ್ಣದ ರಬ್ಬರ್ ಚಪ್ಪಲಿ, ಬಕಲ್ ಇಲ್ಲ, ಚರ್ ಎಂದು ಎಳೆದು ಅಂಟಿಸುವ ಪಟ್ಟಿ. ಇದ್ದುದರಲ್ಲೇ ಅಗ್ಗದ್ದು. ಬಲಗಡೆಯದರ ಹೊರ ಅಂಚು ಸವೆದಿದೆ, ಕಾಲು ಎಳೆದು ನಡೆಯುವವರು. ಐವತ್ತು ದಾಟಿದ ಹೆಂಗಸು. ಮೊಮ್ಮಗುವಿಗೆ ಏನೋ ಕೊಳ್ಳಲು ಬಂದಿದ್ದಾರೆ, ಕೈ ಬಿಗಿ. ಕೆಳಗಿನ ಸಾಲು.

"ಬನ್ನಿ ಅಮ್ಮಾ, ಸರಿಯಾದ ಜಾಗಕ್ಕೇ ಬಂದಿದೀರಾ" ಎಂದೆ ಕಪಾಟಿನೊಳಗಿನಿಂದಲೇ. "ಮೊಮ್ಮಗುಗಾ? ಈ ರೋಬೋಟ್ ನೋಡಿ. ಬೇಗ ಮುಗಿಯತ್ತೆ, ಕೈಗೂ ಶ್ರಮ ಇಲ್ಲ, ಜೇಬಿಗೂ ಶ್ರಮ ಇಲ್ಲ."

ಪಾದಗಳ ಪಕ್ಕದಲ್ಲಿದ್ದ ಛತ್ರಿಯ ತುದಿ ಮೇಲೆದ್ದು, ಮೇಲಿನ ಸಾಲಿನ ಪೆಟ್ಟಿಗೆಯೊಂದನ್ನು ಟಕಟಕ ಬಡಿಯಿತು. ಸದ್ದಿನಲ್ಲೇ ಗೊತ್ತಾಯಿತು, ಬಾಹ್ಯಾಕಾಶ ನಿಲ್ದಾಣ. ನನಗೆ ಅನುಕಂಪ ಉಕ್ಕಿತು.

"ಅಯ್ಯೋ, ಅದು ಬೇಡಮ್ಮಾ. ಚಿತ್ರ ನೋಡಿ ಮರುಳಾಗ್ಬೇಡಿ. ಅದು ಎಲ್ಲರ ಕೈಲೂ ಆಗೋ ಕೆಲಸ ಅಲ್ಲ. ಅರ್ಧಕ್ಕೇ ಬಿಟ್ಟು ಅಟ್ಟಕ್ಕೆ ಹಾಕಿದವರೇ ಜಾಸ್ತಿ. ಆಮೇಲೆ ಸುಮ್ನೆ ಮನಸ್ಸಿಗೆ ಬೇಜಾರು. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು, ಅಲ್ವಾ?"

"ನನ್ನ ಹಾಸಿಗೆ ಎಷ್ಟುದ್ದ ಇದೆ ಅಂತ ನಿಮಗೆ ಯಾರ್ರೀ ಹೇಳಿದ್ದು?"

ಆ ದನಿಗೆ ನಾನು ತಲೆ ಎತ್ತಿದ ರಭಸಕ್ಕೆ ಮೇಲಿನ ಹಲಗೆ ನೆತ್ತಿಗೆ ಬಡಿದು, ನಡುವಿನ ಸಾಲಿನ ನಾಲ್ಕಾರು ಪೆಟ್ಟಿಗೆಗಳು ಬೆನ್ನ ಮೇಲೆ ಉದುರಿದವು. ನನ್ನ ಹೆಂಡತಿ ಛತ್ರಿ ಊರಿಕೊಂಡು ನಿಂತಿದ್ದಳು. ಗೊಂಬೆ ಕೌಂಟರಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಗೋಡೆ ಕಡೆ ತಿರುಗಿದ್ದಳು. ಅವಳ ಭುಜ ಕುಣಿಯುತ್ತಿತ್ತು.

ಆ ಚಪ್ಪಲಿ ತಂದುಕೊಟ್ಟವನು ನಾನೇ. ಆಸ್ಪತ್ರೆಯಿಂದ ಬಂದ ವಾರ, ಬಕಲ್ ಹಾಕಿಕೊಳ್ಳಲು ಅವಳಿಗೆ ಆಗುವುದಿಲ್ಲ ಎಂದು, ಎಷ್ಟು ಓಡಾಡುತ್ತಾಳೆ ಮಹಾ ಎಂದು, ಅಗ್ಗದ್ದು ನೋಡಿ ಆರಿಸಿ ತಂದಿದ್ದೆ. ಅಂಚು ಸವೆಯುವಷ್ಟು ಅವಳು ನಡೆದಿದ್ದಾಳೆ ಎಂದು ನನಗೆ ತಿಳಿದದ್ದು ಕಪಾಟಿನೊಳಗೆ ತಲೆ ಇಟ್ಟುಕೊಂಡಿದ್ದಾಗ. ಸಾವಿರ ಜನರ ಪಾದ ಓದಿದ ಪಂಡಿತನ ಯೋಗ್ಯತೆ ಇಷ್ಟು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಎಲ್ಲಿಂದ, ಅದು ಮಹಡಿ. ಬಾಯಿಬಿಟ್ಟಿದ್ದರೆ ಕೆಳಗಿನ ಪಾತ್ರೆ ವಿಭಾಗಕ್ಕೆ ಬೀಳುತ್ತಿದ್ದೆ.

"ಬಸ್ಸಲ್ಲಿ ಬಂದ್ಯಾ? ಒಬ್ಳೇನಾ?"

"ಇನ್ನೇನು, ಹಾರುವ ತಟ್ಟೇಲಿ ಬರ್ಲಾ? ಆ ಪೆಟ್ಟಿಗೆ ಇಳಿಸಿ."

"ನಾನು ಹೇಳೋದು ಕೇಳು. ನಡುವಿನ ಸಾಲಲ್ಲಿ ಒಂದು ಚೆನ್ನಾಗಿರೋ..."

"ನಾನು ಗಿರಾಕಿ. ಇಳಿಸ್ತೀರೋ, ಯಜಮಾನರನ್ನ ಕರೀಲೋ?"

ಸ್ಟೂಲು ಹತ್ತಿದೆ. ತಲೆ ಸುತ್ತಿತು. ಇಳಿಸಿದೆ. ಸಿಬ್ಬಂದಿಗೆ ಸಿಗುವ ರಿಯಾಯಿತಿಯ ಮಾತೆತ್ತಿದೆ. ಬೇಡವೇ ಬೇಡ ಎಂದಳು. ಕೋಟು ಹೊಲಿದು ಕೂಡಿಟ್ಟ ತನ್ನ ದುಡ್ಡನ್ನು ಎಡಗೈಯಿಂದ ಎಣಿಸಿ ಕೊಟ್ಟಳು. ಯಜಮಾನರು ನನಗೆ ಅರ್ಧ ದಿನ ರಜೆ ಕೊಟ್ಟರು, ಕೇಳದೆಯೇ. ಅವರಿಗೂ ಹೆಂಡತಿ ಇದ್ದಾರೆ. ಪೆಟ್ಟಿಗೆ ಹೊರುವ ಗೌರವ ಮಾತ್ರ ನನ್ನ ಪಾಲಿಗೆ ಬಂತು.

ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲೆ. ಅದರ ಆಚೆಗೆ ರಸ್ತೆ ಕಾಣುತ್ತಿರಲಿಲ್ಲ, ಪಕ್ಕದಲ್ಲಿ ಕೂತವಳ ಮುಖ ಕಾಣುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ ಹೇಳಿದೆ: "ದೊಡ್ಡದು ತಂದು, ನಿನ್ನ ಕೈಲಿ ಆಗದೇ ಹೋದ್ರೆ ನೀನು ಕುಗ್ಗಿಹೋಗ್ತೀಯ ಅಂತ ಕಣೇ..."

"ಕುಗ್ಗೋದು ನಾನಾ, ನೀವಾ?"

ಕೆಳಗಿನ ಸಾಲಿನಲ್ಲಿ ಸೋಲು ಅನ್ನುವುದೇ ಇಲ್ಲ, ಅದಕ್ಕೇ ನಾನು ಅಲ್ಲಿಂದ ಏಳುತ್ತಿರಲಿಲ್ಲ. ಅವಳು ಸೋತರೆ ಅದನ್ನು ನೋಡಲು ನನಗೆ ಧೈರ್ಯ ಸಾಲದು. ಅಷ್ಟಕ್ಕೆ ಅವಳ ಮಿಷನ್ನನ್ನೇ ಮಾರಲು ಹೊರಟಿದ್ದೆ.

"ನಾನು ಮತ್ತೆ ಹೊಲೀತೀನೋ ಇಲ್ವೋ ನಂಗೂ ಗೊತ್ತಿಲ್ಲ" ಅಂದಳು ಕಿಟಕಿ ಕಡೆ ನೋಡುತ್ತಾ. "ಆದ್ರೆ ಆಗಲ್ಲ ಅಂತ ನೀವು ಅಳತೆ ತೆಗೆದು ಇಟ್ಕೊಂಡ್ರಲ್ಲ, ಅದು ನಂಗೆ ತುಂಬಾ ನೋವಾಯ್ತು ರೀ."

ಕಂಡಕ್ಟರ್ ಬಂದು ಪೆಟ್ಟಿಗೆಗೂ ಟಿಕೆಟ್ ತೆಗೆದುಕೊಳ್ಳಿ ಎಂದ. ಮರುಮಾತಿಲ್ಲದೆ ತೆಗೆದುಕೊಂಡೆ.

ಅವಳು ಬಟ್ಟೆ ಕತ್ತರಿಸುತ್ತಿದ್ದ ಉದ್ದನೆಯ ಮೇಜಿನ ಮೇಲೆ ಬಾಹ್ಯಾಕಾಶ ನಿಲ್ದಾಣದ ಕೆಲಸ ಶುರುವಾಯಿತು. ಕಾನೂನು ಒಂದೇ: ನಾನು ಮುಟ್ಟಬಾರದು. ಪಕ್ಕದಲ್ಲಿ ಕೂರಬಹುದು, ಕೇಳಿದ ಬಣ್ಣದ ಚೂರು ಹುಡುಕಿ ಮುಂದಿಡಬಹುದು, ಬಾಯಿ ತೆರೆಯಬಾರದು. ಜೀವಮಾನದಲ್ಲಿ ಇಷ್ಟು ಕಷ್ಟದ ನೌಕರಿ ಮಾಡಿಲ್ಲ. ಒಂದು ಸಂಜೆ ಪೂರ್ತಿ ಹೆಣಗಿ ಅವಳು ಒಂದೇ ಗೋಡೆ ಎಬ್ಬಿಸಿದಳು. ಮರುದಿನ ಅದು ತಪ್ಪು ಜಾಗದಲ್ಲಿದೆ ಎಂದು ಕಂಡು, ಆ ನಿಲ್ದಾಣಕ್ಕೂ ಅದನ್ನು ಮಾಡಿದ ಕಂಪನಿಗೂ ಅದನ್ನು ಮಾರುವವನಿಗೂ ಸೇರಿಸಿ ಬೈದು, ಕಿತ್ತು ಮತ್ತೆ ಕಟ್ಟಿದಳು. ಮೊದಮೊದಲು ಎಡಗೈ ಹಿಡಿದುಕೊಡುತ್ತಿತ್ತು, ಬಲಗೈ ಬರಿದೇ ಒತ್ತುತ್ತಿತ್ತು. ಬರಬರುತ್ತಾ ಬಲಗೈ ಚೂರನ್ನು ತಾನೇ ಎತ್ತಲು ಹೋಗುವುದು, ಬೀಳಿಸುವುದು, ಎತ್ತುವುದು. ಕೆಲವು ಸಂಜೆ ಒಂದೂ ನಿಲ್ಲುತ್ತಿರಲಿಲ್ಲ. ಆಗ ಸುಮ್ಮನೆ ದೀಪ ಆರಿಸಿ ಎದ್ದುಹೋಗುವಳು. ನಾನು ನೆಲದ ಮೇಲೆ ಉದುರಿದ್ದನ್ನೆಲ್ಲ ಆರಿಸಿ ಬಟ್ಟಲಿಗೆ ತುಂಬಿಡುತ್ತಿದ್ದೆ. ಸಮಾಧಾನದ ಮಾತು ನಾಲಿಗೆ ತುದಿಗೆ ಬಂದು ನಿಲ್ಲುತ್ತಿತ್ತು, ಹಾಗೇ ನುಂಗುತ್ತಿದ್ದೆ.

ಹೋದ ಭಾನುವಾರ ಮಧ್ಯಾಹ್ನ. ನಿಲ್ದಾಣ ಮುಕ್ಕಾಲು ಎದ್ದಿತ್ತು. ಗಗನಯಾತ್ರಿ ಹೊರಗೆ ಬರುವ ಬಾಗಿಲಿಗೆ ಅಕ್ಕಿಕಾಳಿನಷ್ಟು ಸಣ್ಣದೊಂದು ಚಿಲಕ ಕೂರಿಸಬೇಕಿತ್ತು. ಅವಳು ಎತ್ತಿದಳು, ಬಿತ್ತು. ಎತ್ತಿದಳು, ಬಿತ್ತು. ಹಣೆಯಲ್ಲಿ ಬೆವರು. ಮತ್ತೆ ಎತ್ತಿ ಬಾಗಿಲ ತನಕ ತಂದಳು, ಕೈ ನಡುಗಿತು. ನಾನು ಎಷ್ಟು ಹೊತ್ತು ತಡೆದುಕೊಳ್ಳಲಿ? ನಾನು ಹುಟ್ಟಾ ಹೀಗೇ. ಕೈ ತಾನಾಗಿ ಮುಂದೆ ಹೋಯಿತು, ಚೂರು ಕಸಿದುಕೊಳ್ಳಲು.

"ಮುಟ್ಬೇಡಿ ಅಂದ್ರೆ!"

ಎಂದು ಗದರಿದವಳೇ ನನ್ನ ಮಣಿಕಟ್ಟನ್ನು ಫಕ್ಕನೆ ಹಿಡಿದುಬಿಟ್ಟಳು. ಹಿಡಿತ ಎಂದರೆ ಹಿಡಿತ. ಎಲುಬು ಲಟಕ್ ಎಂದಂತಾಯಿತು.

"ಅಯ್ಯಯ್ಯೋ, ಬಿಡೇ! ನೋಯತ್ತೆ!" ಎಂದು ಕೂಗಿಕೊಂಡೆ.

ಕೂಗಿದ ಮೇಲೆ ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದೆವು. ಎಡಗೈ ಅತ್ತ ನಿಲ್ದಾಣದ ಗೋಡೆಯನ್ನು ಹಿಡಿದುಕೊಂಡೇ ಇತ್ತು. ನನ್ನನ್ನು ಹಿಡಿದದ್ದು ಬಲಗೈ.

"ನೋಯ್ತಾ?" ಅಂದಳು. "ನಿಜ ಹೇಳಿ. ನನ್ನ ಸಮಾಧಾನಕ್ಕೆ ಹೇಳ್ಬೇಡಿ."

"ನಿನ್ನಾಣೆ ಕಣೇ. ಪ್ರಾಣ ಹೋಗ್ತಾ ಇದೆ."

ನನ್ನ ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು. ಅದು ನೋವಿಗೆ ಮಾತ್ರ ಅಲ್ಲ ಎಂದು ಅವಳಿಗೂ ಗೊತ್ತಿತ್ತು.

"ಇರಿ, ಇನ್ನೂ ಸ್ವಲ್ಪ ಹೊತ್ತು ನೋಯ್ಲಿ" ಎಂದು ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.